ಹರಿವಿನ ದಿಕ್ಕು

ಬೆಳಿಗ್ಗೆ ಏಳಕ್ಕೆ ಮಾಬುಕಳ ಸೇತುವೆಯಡಿ
ಕುಷ್ಟ ಖಾರ್ವಿಯ ದೋಣಿ ಹತ್ತಿದೆ.
ಕೈಯಲ್ಲಿ ಇಲಾಖೆಯ ನಮೂನೆ, ಹನ್ನೆರಡು ಪುಟ,
ನೆನೆಯದಿರಲೆಂದು ಹಾಲಿನ ಪ್ಯಾಕೆಟ್ಟು ಕತ್ತರಿಸಿ
ಹೆಂಡತಿ ಹೊಲಿದುಕೊಟ್ಟ ಚೀಲದಲ್ಲಿ.

ಸೀತಾನದಿಗೆ ಅಂಕ ಕೊಡಬೇಕು.
ಎಪ್ಪತ್ತು ಮುಟ್ಟಿದರೆ ಕಾನೂನು ಕೈಹಿಡಿಯುತ್ತದೆ:
ಅಣೆಕಟ್ಟಿಲ್ಲ, ಮರಳು ತೆಗೆಯುವ ಯಂತ್ರವಿಲ್ಲ, ದಡಕ್ಕೆ ರೆಸಾರ್ಟಿಲ್ಲ.
ಅರುವತ್ತೊಂಬತ್ತಾದರೆ
ಅದು ಬರೀ ನೀರು.

ಕಲಂ ಒಂದು. ಹರಿವಿನ ದಿಕ್ಕು.
ಪಶ್ಚಿಮ ಎಂದು ಬರೆದೆ, ಶಾಲೆಯಲ್ಲಿ ಕಲಿತದ್ದು.
ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ
ತೆಂಗಿನ ಮಟ್ಟೆಯೊಂದು ನಮ್ಮನ್ನು ಹಿಂದಿಕ್ಕಿ
ಘಟ್ಟದ ಕಡೆ ಹೋಯಿತು,
ಏನನ್ನೋ ಮರೆತು ಬಂದವರ ಹಾಗೆ.
ಕುಷ್ಟ ನಕ್ಕ. "ಉಬ್ಬರ, ಸಾರ್.
ದಿನಕ್ಕೆ ಎರಡು ಸಲ ಇದು ಪೂರ್ವಕ್ಕೂ ಹೋಗ್ತದೆ."
ಪೂರ್ವಕ್ಕೆ ನಮೂನೆಯಲ್ಲಿ ಜಾಗವಿಲ್ಲ.
ಪಶ್ಚಿಮವನ್ನು ಹಾಗೇ ಬಿಟ್ಟೆ.

ಕಲಂ ನಾಲ್ಕು. ರಮಣೀಯತೆ. ಹತ್ತರಲ್ಲಿ.
ಎಲ್ಲಿಂದ ನೋಡಿದಾಗ ಎಂದು ಕೇಳಿಲ್ಲ.
ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ಆರು ಸೆಕೆಂಡು;
ಕಾಂಡ್ಲದ ಬೇರಿನೊಳಗೆ ಕೂತ ಏಡಿಗೆ ಒಂದು ಜನ್ಮ.
ಎಂಟು ಕೊಟ್ಟೆ. ಅಷ್ಟರಲ್ಲಿ ಕೋಳಿಯಂಗಡಿಯ ಗೋಣಿಚೀಲ
ಪುಕ್ಕ ಕಾರುತ್ತ ತೇಲಿಬಂತು. ಏಳು ಮಾಡಿದೆ.

ಜಲಚರ: ಕಾಣೆ, ಇರ್ಪೆ, ಶೆಟ್ಲಿ,
ಹೆಸರುಗಳೆಲ್ಲ ಲ್ಯಾಟಿನ್ನಿನಲ್ಲಿ ಬೇಕಂತೆ.
ನೀರುನಾಯಿ ಕಂಡಿದ್ದೀಯಾ ಎಂದೆ.
"ಅದು ಹರಿದ ಬಲೆ ಕಂಡಿದ್ದೇನೆ."
ಹರಿದ ಬಲೆಗೆ ಐದು.

ಸಾಂಸ್ಕೃತಿಕ ಮಹತ್ವ.
ಈ ದಡದಿಂದ ದೋಣಿ ಕರೆದರೆ ತುಳು,
ಆ ದಡ ಓಗೊಟ್ಟರೆ ಕುಂದಗನ್ನಡ,
ನಡುವೆ ಹುಟ್ಟು ಹಾಕುತ್ತ ಕುಷ್ಟ ಬಯ್ಯುವುದು ಕೊಂಕಣಿಯಲ್ಲಿ.
ಹೊಳೆಗೆ ಮೂರೂ ಗೊತ್ತು,
ಒಂದರಲ್ಲೂ ಸಹಿ ಹಾಕಲು ಬಾರದು.
ಹತ್ತಕ್ಕೆ ಹತ್ತು.

ಮೂರು ಗಂಟೆಗೆ ಕೂಡಿಸಿದೆ. ಎಪ್ಪತ್ತೊಂದು.
ಒಂದೇ ಕಲಂ ಬಾಕಿ. ಮಾನವ ಬಳಕೆ:
ಪ್ರತಿ ಬಳಕೆಗೆ ಎರಡು ಅಂಕ ಕಳೆಯತಕ್ಕದ್ದು.
ಸೇತುವೆ ಹೆದ್ದಾರಿಯವರದು. ದೋಣಿ ಇಲಾಖೆಯ ಬಾಡಿಗೆ.
ಸೊನ್ನೆ ಬರೆಯಲು ಬಗ್ಗಿದ್ದೆ.

ಕುದ್ರುವಿನ ತಿರುವಿನಲ್ಲಿ, ಇಳಿದ ನೀರಲ್ಲಿ,
ಎದೆಮಟ್ಟ ನಿಂತಿದ್ದಳು ಚಿಕ್ಕು ಮರಕಾಲ್ತಿ,
ತಲೆಗೆ ಬೈರಾಸು, ಸೊಂಟಕ್ಕೆ ಕಟ್ಟಿದ ಅಲ್ಯುಮಿನಿಯಂ ಪಾತ್ರೆ
ದೋಣಿಮರಿಯಂತೆ ಹಿಂದೆ ಹಿಂದೆ.
ಅವಳು ಹೊಳೆಯನ್ನು ನೋಡುತ್ತಿರಲಿಲ್ಲ.
ಮುಖ ಆಕಾಶಕ್ಕೆ; ಕೆಸರಲ್ಲಿ ಪಾದ ಓದುತ್ತಿತ್ತು.
ಹೆಬ್ಬೆರಳು ನಿಂತಲ್ಲಿ ಮುಳುಗಿ, ಎದ್ದು,
ಮುಷ್ಟಿ ತುಂಬ ಮರುವಾಯಿ.

"ಎಂತ ಬರೂದ್ ಮಾರಾಯ್ರೆ?"
ಹೊಳೆಗೆ ಮಾರ್ಕು.
"ಪಾಸಾ, ಫೇಲಾ?"
ಎಪ್ಪತ್ತೊಂದು ಎಂದೆ. ನೀವಿಲ್ಲದಿದ್ದರೆ ಎನ್ನಲಿಲ್ಲ.
"ಹಂಗಾರೆ ನನ್ನ ಹೆಸ್ರೂ ಹಾಕ್ಕಣಿ.
ನಲವತ್ ವರ್ಷ ಆಯ್ತ್, ಇಲ್ಲಿನ್ ಒಂದೊಂದ್ ಗುಂಡಿ ಕಾಲಿಗ್ ಗೊತ್ತ್.
ಮರಳ್ ತೆಗ್ದಲ್ಲಿ ಎಂತದೂ ಸಿಕ್ಕುದಿಲ್ಲೆ."

ಅವಳನ್ನು ಬರೆದರೆ ಅರುವತ್ತೊಂಬತ್ತು.
ಬರೆಯದಿದ್ದರೆ ಹೊಳೆ ಗೆಲ್ಲುತ್ತದೆ,
ಆಮೇಲೆ ಪುಟ ಒಂಬತ್ತರ ಪ್ರಕಾರ
ಯಾರೂ ನೀರಿಗೆ ಇಳಿಯತಕ್ಕದ್ದಲ್ಲ.
ಕಾಡುಹೊಳೆ ಎಂದರೆ ಅವರ ಲೆಕ್ಕದಲ್ಲಿ
ಯಾರ ಕಾಲೂ ತಾಗದ ಹೊಳೆ.

ಮಣಿಪಾಲದಿಂದ ಫೋನು: "ಟೋಟಲ್ ಎಷ್ಟಾಯ್ತ್ರೀ?"
ಸಿಗ್ನಲ್ ಇಲ್ಲ ಎಂದು ಕೂಗಿ ಇಟ್ಟೆ.
ನಾಲ್ಕು ಕಡ್ಡಿ ಇತ್ತು.

ಕುಷ್ಟ ಹುಟ್ಟು ಎತ್ತಿ ಹಿಡಿದ. ದೋಣಿ ಎತ್ತಲೂ ಹೋಗಲಿಲ್ಲ.
ಇಳಿತ ಮುಗಿದಿತ್ತು, ಉಬ್ಬರ ಇನ್ನೂ ಮನಸ್ಸು ಮಾಡಿರಲಿಲ್ಲ.
ಬೆಳಗಿನ ಮಟ್ಟೆಯೇ ಇರಬೇಕು, ಪಕ್ಕದಲ್ಲಿ ನಿಂತಿತ್ತು.
"ಸಾರಿಗೆ ಇಟ್ಕಣಿ," ಎಂದು
ಚಿಕ್ಕು ಒಂದು ಹಿಡಿ ಮರುವಾಯಿ ಎಸೆದಳು.
ನೇರ ನಮೂನೆಯ ಮೇಲೆ. ಕೊನೆಯ ಕಲಂ ಒದ್ದೆ.
ಒಂದು ಚಿಪ್ಪು ಬಿರಿದು,
ನಾಲಿಗೆಯಂಥದ್ದೇನನ್ನೋ ಹೊರಚಾಚಿ
ಶಾಯಿಯ ರುಚಿ ನೋಡಿ
ಮುಚ್ಚಿಕೊಂಡಿತು.