ಸಂಬಳದ ಸೊನ್ನೆ

ಶುಕ್ರವಾರ ರಾತ್ರಿ ಒಂಬತ್ತೂ ನಲವತ್ತು.
ಆಫೀಸೆಂದರೆ ಗೋದಾಮಿನ ಬಗಲಿಗೊಂದು ಕೋಣೆ,
ಮೇಜಿನ ಮೇಲೆ ತೂಕದ ಚೀಟಿ,
ರೊಬಸ್ಟಾ ಹಣ್ಣಿನ ಅಂಟು ಹಿಡಿದ ಕ್ಯಾಲ್ಕುಲೇಟರು.
ನಾಳೆ ಸಂಬಳ.
ಲೈನಿನ ಇಪ್ಪತ್ತಾರು ಮನೆ, ಅಸ್ಸಾಮಿನಿಂದ ಬಂದ ಹದಿನೆಂಟು ಜನ,
ಎಲ್ಲರದೂ ನನ್ನ ಒಂದು ಪಾಸ್‌ವರ್ಡಿನ ಹಿಂದೆ.
ತೋಟದಲ್ಲಿ ಗುಮಾಸ್ತೆಗೆ ರೈಟರ್ ಅನ್ನುತ್ತಾರೆ;
ನಾನು ಈವರೆಗೆ ಬರೆದದ್ದು
ಹೆಸರು, ಕೆ.ಜಿ., ರೂಪಾಯಿ.

ಆಗ ಬಂತು, ಕೆಂಪು ತ್ರಿಕೋನ ಹೊತ್ತುಕೊಂಡು:
ಪ್ರಿಯ ಗ್ರಾಹಕರೇ,
ನಿಮ್ಮ ಖಾತೆಗೆ ಅಪರಿಚಿತರೊಬ್ಬರು ಪ್ರವೇಶಿಸಿದ್ದಾರೆ.
ಅದು ನೀವಲ್ಲದಿದ್ದರೆ ಕೂಡಲೇ ಇಲ್ಲಿ ಒತ್ತಿ.
ತಪ್ಪಿದಲ್ಲಿ ಖಾತೆ ಶಾಶ್ವತವಾಗಿ ಸ್ಥಗಿತ.

ನಾನಲ್ಲ, ದೇವರಾಣೆ ನಾನಲ್ಲ!
ಅವರಿಗೆ ಬೇಕಾದ್ದೂ ಅಷ್ಟೇ,
ನಾನಲ್ಲ ಎಂದು ಹೇಳಲು
ನಾನೇ ಓಡೋಡಿ ಬರುವುದು.

ಒತ್ತಿದೆ. ಸುಳ್ಳು ಯಾಕೆ ಹೇಳಲಿ.
ಬ್ಯಾಂಕಿನದೇ ನೀಲಿ, ಬ್ಯಾಂಕಿನದೇ ಮುದ್ರೆ,
ಕೆಳಗೆ ಉದ್ದದ ಖಾಲಿ ಪೆಟ್ಟಿಗೆ.
ನಾಲ್ಕು ಅಕ್ಷರ ಹೊಡೆದಿದ್ದೆ,
ನಾಲ್ಕು ಕಪ್ಪು ಚುಕ್ಕೆ
ಒಣಗಲು ಹಾಕಿದ ಒಳ್ಳೆಮೆಣಸಿನ ಹಾಗೆ.

ಮೊಬೈಲು ನಡುಗಿತು.
ಅರಣ್ಯ ಇಲಾಖೆ.
ಮಾಲ್ದಾರೆ ಕಡೆಯಿಂದ ಐದು ಆನೆ, ಒಂದು ಮರಿ.
ಕೆರೆ ಏರಿ ದಾಟಿವೆ. ಹೊರಗೆ ಬರಬೇಡಿ.

ಅಷ್ಟೆ.
ಪ್ರಿಯ ಎನ್ನಲಿಲ್ಲ, ಒತ್ತಿ ಎನ್ನಲಿಲ್ಲ.
ನಿಮ್ಮ ಮನೆಯ ಬೀಗದ ಕೈ ಒಮ್ಮೆ ಕೊಡಿ,
ಆನೆ ಬಾರದ ಹಾಗೆ ನೋಡಿಕೊಳ್ಳುತ್ತೇವೆ ಎನ್ನಲಿಲ್ಲ.
ಇದ್ದಲ್ಲೇ ಇರು ಎಂದು ಹೇಳಿ
ಸುಮ್ಮನಾಯಿತು.

ಬೆರಳೂ ಇದ್ದಲ್ಲೇ ನಿಂತಿತು.

ಕಾವಲಿನ ಕುಳಿಯ ಒಳಗೆ ಬಂದು ಅಗುಳಿ ಹಾಕಿದ.
"ಯಾಕೆ ರೈಟರಕ್ಕ, ಮುಖ ಹೀಗೆ?"
ತೋರಿಸಿದೆ. ಅವನಿಗೆ ಓದು ಬಾರದು.
ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದ:
"ಯಾರು ಕಳಿಸಿದ್ದು?"
"ಬ್ಯಾಂಕು."
"ಬ್ಯಾಂಕು ಅಂತ ಅದೇ ಹೇಳಿದ್ದಾ, ನೀವು ನೋಡಿದ್ದಾ?"

ನೋಡಿದೆ.
ಹೆಸರಿನ ಮೇಲೆ ಬೆರಳಿಟ್ಟರೆ ವಿಳಾಸ ಬಿಚ್ಚಿಕೊಂಡಿತು.
ಇಂಗ್ಲಿಷಿನ ಓ ಇರಬೇಕಾದ ಜಾಗದಲ್ಲಿ
ಅದರ ಅಂಗಿ ತೊಟ್ಟು ಕೂತಿತ್ತು
ಒಂದು ಸೊನ್ನೆ.

ಚೆಟ್ಟಳ್ಳಿ ಶಾಲೆ, ಆರನೇ ಕ್ಲಾಸು.
'ನಮ್ಮ ಅಪ್ಪನಿಗೆ ಸಬಳ ಬಂತು' ಎಂದು ಬರೆದಿದ್ದೆ.
ಪಂಡಿತರು ಪುಸ್ತಕ ಎತ್ತಿ ಹಿಡಿದು,
"ಸೊನ್ನೆ ಬಿಟ್ಟೆಯಲ್ಲೇ ಹುಡುಗಿ,
ಸಬಳ ಅಂದರೆ ಈಟಿ.
ಪಾಪ, ನಿನ್ನಪ್ಪನಿಗೆ ಎಲ್ಲಿ ತಾಗಿತು?"
ಇಡೀ ಕ್ಲಾಸು ನಕ್ಕಿತ್ತು.
ಇಲ್ಲದ ಸೊನ್ನೆ ಅಂದು ಚುಚ್ಚಿತು;
ಇರಬಾರದ ಸೊನ್ನೆ ಇಂದು
ಲೈನಿನ ಅಷ್ಟೂ ಜನಕ್ಕೆ ಗುರಿಯಿಟ್ಟಿತ್ತು.

ಪುಟ ಮುಚ್ಚಿದೆ.
ಬ್ಯಾಂಕಿನ ವಿಳಾಸ ನಾನೇ ಒಂದೊಂದಕ್ಷರ ಹೊಡೆದು
ಒಳಗೆ ಹೋದೆ. ಯಾರೂ ಬಂದಿರಲಿಲ್ಲ,
ದುಡ್ಡು ಇದ್ದಲ್ಲೇ ಇತ್ತು.
ಆದರೂ ಪಾಸ್‌ವರ್ಡ್ ಬದಲಿಸಿದೆ, ಕೈ ನಡುಗಿ ಎರಡು ಸಲ ತಪ್ಪಿ.
ಹೊರಗೆ ಬೈನೆ ಮರ ಮುರಿಯುವ ಸದ್ದು,
ನಿಜವಾದ ಅಪಾಯ
ನಿಧಾನವಾಗಿ ತಿನ್ನುತ್ತಿತ್ತು.

ಬೆಳಿಗ್ಗೆ ಪಾಸ್‌ಬುಕ್ಕಿನ ಹಿಂದಿದ್ದ ನಂಬರಿಗೆ ಫೋನು.
ಸಿದ್ದಾಪುರ ಶಾಖೆಯ ಸಫೀನಾ ನಕ್ಕಳು:
"ನಾವು ಪಾಸ್‌ವರ್ಡ್ ಕೇಳ್ತೀವಾ ದಮಯಂತಕ್ಕ?
ನಿನ್ನೆಯಿಂದ ನೀವು ಏಳನೆಯವರು."
ಆಮೇಲೆ ನಗು ನಿಲ್ಲಿಸಿ,
"ಇಬ್ಬರು ಪೂರ್ತಿ ಹೊಡೆದುಬಿಟ್ಟಿದ್ದಾರೆ."

ಯಾರು ಎಂದು ನಾನು ಕೇಳಲಿಲ್ಲ.
ನಾಲ್ಕು ಚುಕ್ಕೆ ನನ್ನವೂ ಇದ್ದವಲ್ಲ.

ಕುಳಿಯ ಏರಿಯ ಮೇಲಿನ ಲದ್ದಿಗೆ ಕೈಯಿಟ್ಟು
"ಆರಿದೆ, ಬನ್ನಿ" ಎಂದ ಮೇಲೇ
ಲೈನಿನ ಬಾಗಿಲುಗಳು ತೆರೆದವು.
ಸಂಬಳ ಎರಡು ಗಂಟೆ ತಡ.
ಪಟ್ಟಿಯ ತಲೆಗೆ ಆ ಪದ ಬರೆದು
ಸೊನ್ನೆಯನ್ನು ಮತ್ತೊಮ್ಮೆ ತಿದ್ದಿದೆ;
ಶಾಯಿ ಸ್ವಲ್ಪ ಹರಡಿತು.