ಅಕ್ಷರಕ್ಕೆ ಒಂಬತ್ತು ಸೆಂಟು

ಗಾರೆಯ ಹಸಿ ಇನ್ನೂ ಆರಿರಲಿಲ್ಲ,
ಲಿಫ್ಟಿನ ಹಗ್ಗ ಹೊಸದು, ಕಿರುಗುಟ್ಟುತ್ತಿತ್ತು.
ಡುಲೂತ್ ಪಟ್ಟಣದ ನಡುಬೀದಿಯಲ್ಲಿ ಏಳಂತಸ್ತು ಎದ್ದ ವರ್ಷ
ಬಾಡಿಗೆಗೆ ಬಂದವರಿಗೆಲ್ಲ ಬಾಗಿಲ ಗಾಜಿನ ಮೇಲೆ
ಚಿನ್ನದ ರೇಕಿನಲ್ಲಿ ಹೆಸರು ಬರೆದವನು ನಾನು.

ಒಳಗೆ ನಿಂತು ಬರೆಯಬೇಕು, ಬಲದಿಂದ ಎಡಕ್ಕೆ,
ಹೊರಗೆ ನಡೆವವರಿಗೆ ನೆಟ್ಟಗೆ ಕಾಣುವಂತೆ.
ಅಳಿಲುಗೂದಲ ಕುಂಚ ಕೆನ್ನೆಗೆ ಉಜ್ಜಿಕೊಂಡರೆ
ಮುಖದ ಜಿಡ್ಡಿಗೆ ರೇಕು ಅಂಟಿ ಮೇಲೇಳುತ್ತದೆ.

ಎರಡನೇ ಮಹಡಿ: ಥ್ಯಾಕ್ಸ್ಟರ್ ಅಂಡ್ ಸನ್ಸ್, ಗೋಧಿ ದಲ್ಲಾಳಿಗಳು.
ಮಕ್ಕಳಿನ್ನೂ ಹುಟ್ಟಿರಲಿಲ್ಲ;
ಸಾಲ ಹುಟ್ಟಲಿಕ್ಕೆ ಆ ಮಾತು ಬೇಕಿತ್ತು.

ನಾಲ್ಕರಲ್ಲಿ ದಂತವೈದ್ಯ ಬ್ರೆಕ್ಕೆ.
ಗೋಡೆ ದಪ್ಪ ಮಾಡಿಸಿ ಎಂದು ಪಕ್ಕದ ವಿಮೆಯವನ ಅರ್ಜಿ.
ನನ್ನ ಕೂಲಿಗೆ ಬದಲು ಹಲ್ಲೊಂದು ಕಿತ್ತುಕೊಟ್ಟ.
ಒಳ್ಳೆಯ ಹಲ್ಲೇ ಇತ್ತು ಅದು.

ಹಡಗಿನ ಟಿಕೇಟು ಮಾರುವ ಫಿನ್ಲೆಂಡಿನ ಕಿವಿನಿಯೆಮಿ
ಬೆರಳು ಮಡಿಸಿ ತನ್ನ ಹೆಸರು ಎಣಿಸಿ
ಎಂಬತ್ತೊಂದು ಸೆಂಟೇ! ಎಂದು
ಸತ್ತ ಅಪ್ಪನನ್ನು ಬೈದ.

ಆರರಲ್ಲಿ, ಕೊನೆಯ ಕೋಣೆ, ಸರೋವರದ ಕಡೆ ಕಿಟಕಿ:
ಡಿ. ಫಾಲ್ಕ್, ಬೆರಳಚ್ಚು, ನಕಲು.
"ಡಿ ಸಾಕು," ಎಂದಳು ಡ್ರೂಸಿಲಾ ಫಾಲ್ಕ್,
"ಹೆಂಗಸೆಂದರೆ ಅರ್ಧ ದರಕ್ಕೆ ಕೇಳುತ್ತಾರೆ."
ಮತ್ತೆ, ನಾನು ಸೀಮೆಸುಣ್ಣದ ಗೆರೆ ಎಳೆಯುವಾಗ,
"ಡಿ ಆದ ಮೇಲೆ ಏಳಕ್ಷರದ ಜಾಗ ಬಿಡಿ.
ತುಂಬಿಸೋಣ. ಕಾಸಾದಾಗ."

ಬಿಟ್ಟೆ.
ಲೆಕ್ಕ ತಪ್ಪಿದ ಕೈ ಎಂದರು ಬಂದವರೆಲ್ಲ.
ಮಾಲೀಕ ಗ್ರಿಮ್ಸ್‌ಬಿ ಕರೆಸಿ, ಕುಡಿದಿದ್ದೆಯಾ ಎಂದ.
ಹೌದೆಂದೆ. ಅದು ಸುಲಭವಿತ್ತು.

ಹನ್ನೊಂದು ವರ್ಷ
ಬೆಳಗಿನ ಹೊತ್ತು ಅವಳ ಬಾಗಿಲೆದುರು ನೆಲದ ಮೇಲೆ
ಡಿ ಎಂಬ ನೆರಳು,
ಒಂದು ಗೇಣು ಬಿಸಿಲು,
ಫಾಲ್ಕ್ ಎಂಬ ನೆರಳು.
ಟಪಟಪ ಸದ್ದು ಒಳಗೆ.

ಗೋಧಿಯ ದರ ಬಿದ್ದ ಚಳಿಗಾಲ ಒಬ್ಬೊಬ್ಬರೇ ಖಾಲಿ ಮಾಡಿದರು.
ಹೆರೆಯುವುದಕ್ಕೆ ಅಕ್ಷರಕ್ಕೆ ಎರಡೇ ಸೆಂಟು.
ಥ್ಯಾಕ್ಸ್ಟರನ ಮಕ್ಕಳು (ಹುಟ್ಟಿದ್ದರು ಅಷ್ಟರಲ್ಲಿ, ಇಬ್ಬರೂ ಹೆಣ್ಣು)
ಕೆಳಗೆ ಹಿಮದಲ್ಲಿ ನಿಂತು ಪೆಟ್ಟಿಗೆ ಎಣಿಸುತ್ತಿದ್ದರು.

ಆರನೇ ಮಹಡಿಯಲ್ಲಿ ಯಾರೂ ಇರಲಿಲ್ಲ.
ಮೇಜಿನ ಮೇಲೆ ಯಂತ್ರದ ನಾಲ್ಕು ಕಾಲಿನ ಗುರುತು.
ಫಾಲ್ಕ್ ಹೆರೆದೆ. ಚುಕ್ಕಿ, ಡಿ.
ನಡುವೆ ಹೆರೆಯಲಿಕ್ಕೆ ಏನಿತ್ತು?
ಆದರೂ ಕ್ಷೌರದ ಅಲಗು ಆಡಿಸಿದೆ,
ಬಲದಿಂದ ಎಡಕ್ಕೆ, ಏಳು ಸಲ,
ಗ್ರಿಮ್ಸ್‌ಬಿಗೆ ಕಳಿಸಿದ ಬಿಲ್ಲಿನಲ್ಲಿ
ಅದನ್ನೂ ಸೇರಿಸಿದೆ:
ಹದಿನಾಲ್ಕು ಸೆಂಟು.