ತಂಗುದಾಣ

ಮ್ಯಾಂಡರಿನ್ ಮೀನು ಸೊರಗುತ್ತಿತ್ತು.
ನೀಲಿಯ ಮೇಲೆ ಕಿತ್ತಳೆ ಗೀರು, ಮಗು ಗೀಚಿದ ಹಾಗೆ;
ಹೊಟ್ಟೆ ಮಾತ್ರ ಚಮಚದ ಒಳಬದಿ.
ಒಣ ಕಾಳು ಹಾಕಿದರೆ ಮುಖ ತಿರುವುತ್ತದೆ.
ಅದಕ್ಕೆ ಬೇಕಾದ್ದು ಜೀವವಿದ್ದದ್ದು,
ಸಾಸಿವೆಯ ಕಾಲುಭಾಗದಷ್ಟು, ಓಡುವಂಥದ್ದು.

ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ಬ್ಯುರೆಟ್ ತೊಳೆದವಳು ನಾನು.
ಮನೆಯಲ್ಲಿ ನನ್ನದೇ ನೀರು ಅಳೆಯುತ್ತೇನೆ.
ನೈಟ್ರೇಟು: ಕೊಳವೆಯಲ್ಲಿ ಬೀಟ್‌ರೂಟಿನ ಬಣ್ಣ.
ಉಪ್ಪು: ಸಾವಿರಕ್ಕೆ ಮೂವತ್ತೈದು.

ಕುಡಿಯಲು ತುಂಗೆ ಅನ್ನುತ್ತಾರೆ ಈ ಊರಲ್ಲಿ.
ಆ ತುಂಗೆಗೇ ನಾನು ಉಪ್ಪು ಸುರಿಯುತ್ತೇನೆ,
ಬಕೆಟ್ಟಿಗೆ ಇಷ್ಟು ಗ್ರಾಮೆಂದು, ತಕ್ಕಡಿ ಇಟ್ಟು.
"ಮೀನಿಗೆ ಉಪ್ಪು ಹಾಕೋದು ಒಣಗ್ಸಕ್ಕೆ ಕಣವ್ವ,
ಸಾಕಕ್ಕಲ್ಲ" ಎಂದರು ಕೆಳಮನೆಯ ಓನರ್ ಹಾಲಮ್ಮ.
ಹಾಲಮ್ಮ, ಇದು ಹಳೇ ಬಾಕಿ:
ಕಡಲು ಘಟ್ಟ ಹತ್ತುವಾಗ ಉಪ್ಪಿನ ಮೂಟೆಯನ್ನು
ಕೆಳಗೇ ಬಿಟ್ಟು ಬಂದಿತ್ತು,
ಮೋಡವಾಗಿ, ಮಳೆಯಾಗಿ, ನಲ್ಲಿಯಾಗಿ.
ಬಿಟ್ಟು ಬಂದದ್ದನ್ನು ತಂದು ಕೊಡುತ್ತಿದ್ದೇನೆ.
ಹೀಗೆಲ್ಲ ಹೇಳಲಿಲ್ಲ. ಬಾಡಿಗೆ ಕೊಟ್ಟು ಮೇಲೆ ಬಂದೆ.

ತೊಟ್ಟಿಯ ಬೆನ್ನಿಗೆ ಇನ್ನೊಂದು ತೊಟ್ಟಿ,
ಕೂಸುಮರಿ ಕೂತ ಹಾಗೆ.
ದುರ್ಗಿಗುಡಿಯ ನಂಬರ್‌ಪ್ಲೇಟ್ ಜಬೀವುಲ್ಲಾ
ಉಳಿದ ಅಕ್ರಿಲಿಕ್ಕಿನಲ್ಲಿ ಐದು ಚೂರು ಕತ್ತರಿಸಿಕೊಟ್ಟ.
"ಯಾವ ಗಾಡಿಗೆ ಮೇಡಂ?"
ಒಂದರ ಮೇಲೆ, ಎಷ್ಟು ಉಜ್ಜಿದರೂ ಹೋಗದ
ಕೆಎ ಹದಿನಾಲ್ಕು.
ಇರಲಿ ಎಂದು ಹಾಗೇ ಅಂಟಿಸಿದೆ;
ಮೀನಿಗೆ ಅದು ಹಿಂದುಮುಂದಾಗಿ ಕಾಣುತ್ತದೆ.
ಸಿಲಿಕೋನ್ ಒಣಗಲು ಮೂರು ದಿನ,
ಮನೆಯೆಲ್ಲ ವಿನೆಗರ್ ನಾತ.

ಪಾಚಿ ಕಳಿಸಿದ್ದು ಮಲ್ಪೆಯ ಗ್ಲಾಡ್ಸನ್.
ಆಗುಂಬೆಯ ತಿರುವುಗಳನ್ನೆಲ್ಲ ಅದು ಹತ್ತಿದ್ದು
ಕಂಡಕ್ಟರನ ಸೀಟಿನಡಿ, ಒದ್ದೆ ಪೇಪರಿನೊಳಗೆ.
ಪಾತ್ರೆ ಉಜ್ಜುವ ನಾರಿನ ಉಂಡೆ, ಹಸಿರು.
ಬಿಡಿಸಿದರೆ ಒಳಗೆ ಧೂಳು ನಡೆಯುತ್ತಿತ್ತು.

ಸಣ್ಣ ಪಂಪು ನೀರನ್ನು ಮೇಲೆ ತಳ್ಳುತ್ತದೆ.
ನೀರು ಪಾಚಿಯ ಸಿಕ್ಕಿನಲ್ಲಿ ಸ್ವಲ್ಪ ಕೂತು,
ತನ್ನ ಹೊಲಸನ್ನು ಅದಕ್ಕೆ ಉಣಿಸಿ,
ಹಲ್ಲುಹಲ್ಲಿನ ಅಂಚಿನಿಂದ ವಾಪಸು ಬೀಳುತ್ತದೆ.
ರಾತ್ರಿ ಹತ್ತಕ್ಕೆ ದೊಡ್ಡ ತೊಟ್ಟಿಯ ದೀಪ ಆರಿ
ಇದರದ್ದು ಹತ್ತುತ್ತದೆ.
ಹಾಲಿನ ಹುಡುಗ ಕೇಳಿದ, ಯಾರಿಗಾದ್ರೂ ಹುಷಾರಿಲ್ವಾ ಅಕ್ಕ,
ಇಡೀ ರಾತ್ರಿ ಲೈಟು?

ರೆಫ್ಯೂಜಿಯಂ ಅನ್ನುತ್ತಾರೆ ಬಲ್ಲವರು.
ನನ್ನ ಬಾಯಿಗೆ ಬಂದದ್ದು ತಂಗುದಾಣ,
ಬಸ್ಸಿನಲ್ಲಿ ಬಂದವಕ್ಕೆ ಅದೇ ಸರಿ.
ಹಿಡಿದು ತಿನ್ನುವ ಬಾಯಿ ಇಲ್ಲಿಗೆ ಹತ್ತಿಬರದು.
ಧೂಳು ಮೊಟ್ಟೆಯಿಟ್ಟು, ಮೊಟ್ಟೆ ಧೂಳಾಗಿ,
ಎಣಿಸಲು ಹೋಗಿ ಎರಡು ಸಲ ಬಿಟ್ಟೆ.

ಆರನೆಯ ವಾರ, ಸಂಜೆ ಏಳಕ್ಕೆ ಕರೆಂಟು ಹೋಯಿತು.
ಪಂಪು ನಿಂತರೆ ಕೊಳವೆ ಉಲ್ಟಾ ಹೀರುತ್ತದೆಂದು
ಕಾದ ಸೂಜಿಯಲ್ಲಿ ತೂತು ಮಾಡಿಟ್ಟಿದ್ದೆ;
ಒಂದು ಗುಟುಕು ಗಾಳಿ ಕುಡಿದು, ಬಿಕ್ಕಿ, ಸುಮ್ಮನಾಯಿತು.
ಹಾಲಮ್ಮ ಟಾರ್ಚು ಹಿಡಿದು ಬಂದರು, ತಮ್ಮ ಸೂರಿನ ಚಿಂತೆ.
ನೆಲ ನೋಡಿದರು. ಗೋಡೆ ಮುಟ್ಟಿದರು.
ಆಮೇಲೆ ಬೆಳಕು ಪೆಟ್ಟಿಗೆಯ ಮೇಲೆ ನಿಂತಿತು, ಅಲ್ಲೇ ಉಳಿಯಿತು.
ನೂರಾರು ಚುಕ್ಕೆ,
ಜಿಗಿದು, ನಿಂತು, ಜಿಗಿದು.
"ಇವೆಲ್ಲಾ ಅದ್ರ ಊಟನಾ?"
ಅಂಚು ದಾಟಿದವು, ಅಂದೆ.
"ದಾಟದೆ ಇದ್ದವು?"
ಮರಿ ಮಾಡ್ತವೆ.
ಕುರ್ಚಿ ಎಳೆದುಕೊಂಡರು.
"ದಾಟೋವಕ್ಕೆ ಗೊತ್ತಿರ್ತದಾ, ಆ ಕಡೆ ಬಾಯಿ ಐತೆ ಅಂತ?"
ಬ್ಯುರೆಟ್ಟಿನ ವಿಷಯವಾಗಿದ್ದರೆ ಉತ್ತರ ಹೇಳುತ್ತಿದ್ದೆ.

ಕರೆಂಟು ಬಂತು. ಪಂಪು ಕೆಮ್ಮಿತು.
ನೀರು ಏರಿ ಅಂಚಿನ ಹಲ್ಲುಗಳನ್ನು ದಾಟುವಷ್ಟರಲ್ಲಿ
ಹಾಲಮ್ಮನ ಅಂಗೈ ಅಡ್ಡ ಹೋಗಿತ್ತು,
ತಡೆಯಲೋ, ಹಿಡಿಯಲೋ.
ಬೆರಳ ಸಂದಿಯಲ್ಲೇ ಇಳಿಯಿತು ಎಲ್ಲ.
ಕಲ್ಲಿನ ಹಿಂದಿಂದ ಮ್ಯಾಂಡರಿನ್ ಬಂದು
ಕುಕ್ಕಿತು. ಸರಿದು, ಮತ್ತೆ ಕುಕ್ಕಿತು.
ಚಮಚದ ಹೊರಬದಿಯಾಗಲು ಇನ್ನೂ ಸ್ವಲ್ಪ ಬಾಕಿ.

ಹಾಲಮ್ಮ ಒದ್ದೆ ಬೆರಳನ್ನು ನಾಲಿಗೆಗೆ ತಾಗಿಸಿದರು.
"ಉಪ್ಪು ಜಾಸ್ತಿ" ಅಂದರು.
ಹೊರಡಲಿಲ್ಲ.